ಸದ್ದಿಲ್ಲದ ಬಾಗಿಲು

ಬೆಳಗ್ಗೆ ಕಣ್ಣು ಬಿಟ್ಟಾಗ ಬಡಗಿಗೆ ಮೊದಲು ನೆನಪಾದದ್ದು ತಾನು ಮಾಡಿ ಮುಗಿಸಿದ ಬಾಗಿಲಲ್ಲ. ಆ ಬಾಗಿಲಿನ ಬಗ್ಗೆ ಅಮ್ಮ ಇದುವರೆಗೆ ತುಟಿ ಪಿಟಕ್ಕೆಂದಿಲ್ಲ ಎಂಬುದು. ಹಿತ್ತಲ ಶೆಡ್ಡಿನಲ್ಲಿ ವಾರಗಟ್ಟಲೆ ಗರಗಸ ಕೂಗಿದೆ, ಉಳಿ ಬಡಿದಿದೆ, ಮರದ ಹುಡಿ ಮೂರೂ ಹೊತ್ತು ಒಳಮನೆಯತನಕ ಹಾರಿಬಂದಿದೆ. ಆ ಹುಡಿಗೆ ಅಮ್ಮ ಸೀನಿದ್ದುಂಟು, ಸೀನಿ ಬೈದದ್ದೂ ಉಂಟು. ಆದರೆ ಏನು ಮಾಡುತ್ತಿದ್ದೀಯ, ಎಲ್ಲಿಗೆ ಬಂತು, ಯಾವ ಮರ ಎಂದು ಒಂದು ದಿನವೂ ಕೇಳಿದವಳಲ್ಲ. ಮಂಡಿ ನೋವಿನವಳು, ನಡುಮನೆಯ ಕುರ್ಚಿ ಬಿಟ್ಟು ಹಿತ್ತಲಿಗೆ ಬರಲಾರಳು, ಸರಿ. ಬಾಯಿಗೇನು ನೋವು? ಬಚ್ಚಲಲ್ಲಿ ಮೊಳೆ ಡಬ್ಬಿ ಯಾಕಿದೆ ಎಂದು ಕೇಳಲು ಬರುವ ಬಾಯಿ ಅದು. ಹೀಗೆಲ್ಲ ಯೋಚಿಸುತ್ತ ಮಲಗಿದ್ದವನಿಗೆ ತನ್ನ ಮೇಲೇ ನಗು ಬಂತು. ಐವತ್ತು ದಾಟಿದೆ, ಕಿವಿಯ ಮೇಲೆಲ್ಲ ನರೆತಿದೆ, ಇಡೀ ಪೇಟೆಯಲ್ಲಿ ತಾನು ಕೂರಿಸಿದ ಬಾಗಿಲುಗಳು ತೆರೆದು ಮುಚ್ಚುತ್ತಿವೆ. ಆದರೂ ಅಮ್ಮನ ಬಾಯಲ್ಲಿ 'ಚೆನ್ನಾಗಿದೆ' ಅನ್ನೋ ಒಂದು ಮಾತು ಬೀಳಲಿ ಎಂದು ಇನ್ನೂ ಕಾಯುತ್ತಿದ್ದಾನೆ. ಚಿಕ್ಕವನಿದ್ದಾಗ ಅಪ್ಪನ ಹಳೇ ಉಳಿ ಹಿಡಿದು ಒಂದು ಸ್ಟೂಲು ಮಾಡಿದ್ದ. ಅಮ್ಮ ಅದರ ಮೇಲೆ ಕೂತಳು, ಅತ್ತ ಇತ್ತ ವಾಲಿದಳು, "ಒಂದು ಕಾಲು ಗಿಡ್ಡ" ಅಂದಳು. ಗಿಡ್ಡವೇ ಇತ್ತು, ಅದರಲ್ಲಿ ಸುಳ್ಳೇನಿಲ್ಲ. ಆ ಮಧ್ಯಾಹ್ನದಿಂದ ಅವನು ಅಳತೆಯ ಹಿಂದೆ ಬಿದ್ದವನು ಮತ್ತೆ ತಿರುಗಿ ನೋಡಲಿಲ್ಲ. ಕೆಲಸದವರ ನಡುವೆ ಅವನ ಹೆಸರು ಮರೆತೇ ಹೋಗಿ 'ಮಿಲಿಮೀಟರ್' ಎಂದೇ ಆಗಿತ್ತು.

ಮನೆಯ ಹಳೆಯ ಮುಂಬಾಗಿಲನ್ನು ಮಾಡಿದವನು ಅಪ್ಪ. ಈ ಮನೆಗೆ ಬಂದ ಹೊಸತರಲ್ಲಿ, ಪೆಟ್ಟಿಗೆ ಒಡೆದ ಹಲಗೆಗಳನ್ನು ಜೋಡಿಸಿ, ಸದ್ಯಕ್ಕಿರಲಿ ಎಂದು ನಿಲ್ಲಿಸಿದ್ದ. ಸದ್ಯಕ್ಕೆಂದದ್ದು ಅಪ್ಪನಿಗಿಂತ ಹೆಚ್ಚು ಕಾಲ ಬಾಳಿತು. ಅದು ಸುಮ್ಮನೆ ತೆರೆಯುವ ಬಾಗಿಲಲ್ಲ. ನೆಲದ ಕಲ್ಲು ನಡುವೆ ತುಸು ಉಬ್ಬಿದ್ದರಿಂದ, ಎಳೆದರೆ ನೂಕಿದರೆ ಅಲ್ಲಿ ಕಚ್ಚಿಕೊಂಡು ಗರ್ರ್ ಎಂದು ಅರಚುತ್ತಿತ್ತು; ಆ ಕಲ್ಲಿನ ಮೇಲೆ ಕಾಲು ವೃತ್ತದಷ್ಟು ಬೆಳ್ಳನೆ ಗೆರೆ ಕೊರೆದಿತ್ತು. ಮನೆಯವರೆಲ್ಲ ಅದಕ್ಕೊಂದೊಂದು ಉಪಾಯ ಕಲಿತಿದ್ದರು. ಅವನು ಹಿಡಿಯನ್ನು ಮೇಲಕ್ಕೆತ್ತಿ ನೂಕುತ್ತಿದ್ದ. ಹೆಂಡತಿಯ ಎರಡೂ ಕೈಯಲ್ಲಿ ಚೀಲ, ಸೊಂಟದಿಂದ ಒಂದು ಗುದ್ದು. ಮಗಳದು ನೇರ ಒದೆ. ಒಬ್ಬೊಬ್ಬರಿಗೆ ಅದು ಒಂದೊಂದು ದನಿಯಲ್ಲಿ ಅರಚುತ್ತಿತ್ತು. ನಡುಮನೆಯಲ್ಲಿ ಗೋಡೆಯ ಮರೆಗೆ ಕೂತ ಅಮ್ಮನಿಗೆ ಅಷ್ಟೇ ಸಾಕು. ಬಂದವರ ಮುಖ ಕಾಣುವ ಮೊದಲೇ ಮಾತು ಶುರು. "ಬಂದ್ಯಾ? ಕಾಲೊರೆಸ್ಕೊ. ಛತ್ರಿ ಎಲ್ಲಿ ಬಿಟ್ಟೆ?" ಎನ್ನುವುದು ಮಗಳಿಗೆ, "ಇವತ್ತೇನು ಬೇಗ?" ಎನ್ನುವುದು ಸೊಸೆಗೆ. ಸೊಸೆ ಅಲ್ಲಿಂದಲೇ ಉತ್ತರ ಕೊಡುತ್ತ ಬಾಗಿಲಲ್ಲೇ ನಿಂತು ಚಪ್ಪಲಿ ಬಿಡುವಳು. ಆ ಚಪ್ಪಲಿ ಬಿಡುವುದೋ, ದೇವರೇ, ಒಂದು ಊಟದಷ್ಟು ಹೊತ್ತು. ಪಟ್ಟಿ ಬಿಚ್ಚುವಳು, ಮತ್ತೆ ಹಾಕುವಳು, ಬದಿಗಿಡುವಳು, ಜೋಡಿ ಸರಿಯಾಯಿತೇ ನೋಡುವಳು. ಹಿಂದೆ ನಿಂತ ಅವನಿಗೆ ಮೈಯೆಲ್ಲ ಉರಿದು, ಒಳಗೆ ಹೋಗೇ ಮಾರಾಯ್ತಿ ಎಂದು ಎಷ್ಟು ಸಲ ಗದರಿದ್ದನೋ. ಅವಳು ಅದಕ್ಕೆಲ್ಲ ಕಿವಿಗೊಟ್ಟವಳಲ್ಲ.

ಹೊಸ ಬಾಗಿಲಿನ ಯೋಚನೆ ಬಂದದ್ದು ಒಂದು ಅವಮಾನದಿಂದ. ದೊಡ್ಡ ಮನೆ ಕಟ್ಟಿಸುತ್ತಿದ್ದ ಗಿರಾಕಿಯೊಬ್ಬ ಮರದ ಮಾತಾಡಲು ಮನೆಗೇ ಬಂದಿದ್ದ. ಇಸ್ತ್ರಿ ಮುರಿಯದ ಅಂಗಿ, ಕೈಯಲ್ಲಿ ಕಾರಿನ ಕೀಲಿ. ಹೊರಗೆ ನಿಂತು ತಟ್ಟಿದ, ಅಮ್ಮ ಒಳಗಿಂದ ತಳ್ಕೊಂಡು ಬನ್ನಿ ಅಂದಳು, ಅವನು ತಳ್ಳಿದ, ಬಾಗಿಲು ಮಿಸುಕಲಿಲ್ಲ. ಇನ್ನಷ್ಟು ತಳ್ಳಿದ. ಕೊನೆಗೆ ಹೆಗಲು ಕೊಟ್ಟು ನುಗ್ಗಿದಾಗ ಅಂಗಿಯ ತೋಳಿಗೆ ಹುಡಿ ಮೆತ್ತಿತ್ತು. ತೋಳು ಕೊಡವಿಕೊಳ್ಳುತ್ತ, "ಊರಿಗೆಲ್ಲ ಬಾಗಿಲು ಮಾಡ್ತೀರಂತೆ?" ಅಂದ, ಅಷ್ಟೇ. ನಕ್ಕೇ ಅಂದ. ಬಡಗಿಯೂ ನಕ್ಕ. ಗಿರಾಕಿ ಹೋದ ಮೇಲೆ ಬಚ್ಚಲಿಗೆ ಹೋಗಿ ಸುಮ್ಮನೆ ನಲ್ಲಿ ಬಿಟ್ಟು ನಿಂತಿದ್ದ. ಸಂಜೆ ಅಮ್ಮನಿಗೆ, ಮುಂಬಾಗಿಲು ಬದಲಾಯಿಸ್ತೀನಿ ಎಂದಾಗ ಅವಳು, "ಈ ಬಾಗಿಲಿಗೇನಾಗಿದೆ? ನಿಮ್ಮಪ್ಪ ಮಾಡಿದ್ದು" ಅಂದಳು. ಅಪ್ಪನ ಹೆಸರು ಬಂದರೆ ಮಾತು ಮುಗಿದಂತೆ. ಅಮ್ಮನಿಗೆ ಅಪ್ಪನ ಮೇಲೆ ಇಷ್ಟು ಮಮತೆಯಿದೆಯೆಂದು ಅಪ್ಪ ಇದ್ದಾಗ ಯಾರಿಗೂ ಗೊತ್ತಿರಲಿಲ್ಲ, ಪ್ರಾಯಶಃ ಅಪ್ಪನಿಗೂ. ಆದರೂ ಅವನು ಪಟ್ಟು ಬಿಡಲಿಲ್ಲ. ಕೆಡವಿದ ಹಳೇ ಕಟ್ಟಡವೊಂದರ ತೊಲೆಗಳನ್ನು ತಂದ. ತಲೆಮಾರುಗಟ್ಟಲೆ ಒಣಗಿದ ಮರ; ಇನ್ನು ಬಾಗುವುದಿಲ್ಲ, ಸೀಳುವುದಿಲ್ಲ, ಅದು ಕಲಿಯಬೇಕಾದದ್ದನ್ನೆಲ್ಲ ಕಲಿತಾಗಿದೆ. ಮೇಲಿನ ಕಪ್ಪು ಸಿಪ್ಪೆ ಕೀಸಿದೊಡನೆ ಒಳಗಿನಿಂದ ಜೇನಿನ ಬಣ್ಣ ಎದ್ದುಬಂತು, ಜೊತೆಗೊಂದು ಮೆಣಸಿನಂಥ ವಾಸನೆ. ಎರಡು ಬದಿಗೂ ಉದ್ದಕ್ಕೆ ನಿಲ್ಲುವ ಮರದ ಕಂಬಿ, ಮೂರು ಅಡ್ಡಪಟ್ಟಿ, ನಡುವೆ ಹಲಗೆಗಳು. ಪಟ್ಟಿಯ ತುದಿಯನ್ನು ಕಂಬಿಯ ತೂತಿನೊಳಗೆ ಕೂರಿಸುವ ಕಚ್ಚುಗಳಿಗೆ ಸುತ್ತಿಗೆ ಬೇಕಾಗಲಿಲ್ಲ, ಅಂಗೈಯಿಂದ ಒತ್ತಿದರೆ ನಿಟ್ಟುಸಿರು ಬಿಟ್ಟು ಒಳಗೆ ಹೋಗಿ ಕೂತವು. ಹಲಗೆಗಳಿಗೆ ಮಾತ್ರ ಅಂಟು ಹಾಕಲಿಲ್ಲ. ಗಾಳಿಯ ತೇವಕ್ಕೆ ಅವು ಉಬ್ಬುತ್ತವೆ, ಬಿಸಿಲಿಗೆ ಕುಗ್ಗುತ್ತವೆ. ಅವುಗಳ ಪಾಡಿಗೆ ಅವು ಆಡಿಕೊಂಡಿರಲು ಸುತ್ತ ಒಂದಿಷ್ಟು ಜಾಗ ಬಿಡಬೇಕು. ಕೆಲಸ ಕಲಿಯುವವರಿಗೆಲ್ಲ ಅವನು ಮೊದಲು ಹೇಳುವುದು ಅದನ್ನೇ. ಆ ವಾರಗಳಲ್ಲಿ ಅವನು ಸುಖವಾಗಿದ್ದ. ಊಟದ ನಡುವೆ ಎದ್ದು ಹೋಗಿ ಬಾಗಿಲನ್ನು ಮುಟ್ಟಿ ಬರುತ್ತಿದ್ದ. ಹೆಂಡತಿ, "ಅದಕ್ಕೂ ಒಂದು ತಟ್ಟೆ ಹಾಕ್ಲಾ?" ಎಂದು ಕೇಳಿದ್ದಳು.

ಆ ಬೆಳಗ್ಗೆ ಬಾಗಿಲನ್ನು ಎತ್ತಿ ನಿಲ್ಲಿಸಲು ಹೆಂಡತಿಯ ತಮ್ಮ ಬಂದ. ಬಸ್ಸು ಓಡಿಸುವವನು, ಆ ದಿನ ಅವನಿಗೆ ರಜೆ. ಅವನು ಇದ್ದಲ್ಲಿ ಬಾಯಿಗೆ ಬಿಡುವಿಲ್ಲ. ಹಳೇ ಬಾಗಿಲಿನ ತಿರುಪುಗಳು ತುಕ್ಕಿಗೆ ಕಚ್ಚಿಕೊಂಡಿದ್ದವು. ಒಂದೊಂದೂ ಹಲ್ಲು ಕಿತ್ತಂತೆ ಬಂತು. ಬಾಗಿಲು ಕಳಚಿದಾಗ ಮನೆಯ ಮುಂದೆ ಒಮ್ಮೆಲೇ ದೊಡ್ಡ ಬೆಳಕಿನ ತೂತು ಬಿದ್ದು, ಬೀದಿಯೇ ಒಳಗೆ ಬಂದಂತಾಯಿತು. ಎದುರುಮನೆಯ ಹೊಲಿಗೆಯಮ್ಮ ಕಿಟಕಿಯಿಂದಲೇ, "ಏನು, ಮನೆ ಬಿಡ್ತಾ ಇದ್ದೀರಾ?" ಎಂದು ಕೂಗಿದಳು. ಅಪ್ಪನ ಬಾಗಿಲನ್ನು ಇಬ್ಬರೂ ಹೊತ್ತು ನಡುಮನೆಯ ಮೂಲಕವೇ ಹಿತ್ತಲಿಗೆ ಸಾಗಿಸಬೇಕಾಯಿತು. ಅಮ್ಮ ಕುರ್ಚಿಯಲ್ಲಿ ಕೂತು ನೋಡಿದಳು. ಹಾದುಹೋಗುವಾಗ ಅದರ ಕೆಳಅಂಚನ್ನು ಬೆರಳಿನಿಂದ ಮುಟ್ಟಿದಳೇನೋ, ಅವನಿಗೆ ಸರಿಯಾಗಿ ಕಾಣಲಿಲ್ಲ, ಹೆಗಲ ಮೇಲೆ ಭಾರವಿತ್ತು.

"ಎಲ್ಲಿಡ್ತೀಯ ಅದನ್ನ?"

"ಶೆಡ್ಡಲ್ಲಿ, ಅಮ್ಮ. ಬಿಸಾಕಲ್ಲ."

"ಹೂಂ" ಅಂದಳು. ಆ ಹೂಂಗೆ ಏನರ್ಥ ಎಂದು ಹಿತ್ತಲು ಮುಟ್ಟುವವರೆಗೂ ತಲೆಯೊಳಗೆ ಕೊರೆಯಿತು. ತಾನೇನೋ ತಪ್ಪು ಮಾಡುತ್ತಿದ್ದೇನೆ ಎನಿಸಿತು, ಹೆಣ ಹೊತ್ತಂತೆ ಎನಿಸಿತು, ಛೆ ಎಂದುಕೊಂಡ. ಪೆಟ್ಟಿಗೆ ಹಲಗೆ ಅದು. ಅದರ ಒಳಬದಿಯಲ್ಲಿ ಯಾವುದೋ ಸೋಪಿನ ಹೆಸರು ಅರ್ಧ ಅಳಿಸಿ ಇನ್ನೂ ಕಾಣುತ್ತದೆ.

ಬಾಗಿಲು ಮಾಡುವುದು ಒಂದು ಕೆಲಸ, ಕೂರಿಸುವುದು ಇನ್ನೊಂದು. ಎರಡನೆಯದರಲ್ಲೇ ಮಾನ ಹೋಗುವುದು. ಚೌಕಟ್ಟಿನ ಕಂಬದ ಮೇಲೆ, ಬಾಗಿಲು ತಿರುಗುವ ಬಿಜಾಗರಿಗಳ ಜಾಗ ಗುರುತಿಸಿ, ಅವುಗಳ ದಪ್ಪಕ್ಕೆ ಸರಿಯಾಗಿ ಮರ ಕೆತ್ತಿ ತಗ್ಗು ಮಾಡಿದ. ಹೊಸ ಬಾಗಿಲನ್ನು ಬೆಣೆಗಳ ಮೇಲೆ ನಿಲ್ಲಿಸಿ ಭಾವಮೈದ ತಬ್ಬಿ ಹಿಡಿದ. "ಭಾವ, ಇಷ್ಟು ಗಟ್ಟಿಯಾಗಿ ನಾನು ನನ್ನ ಹೆಂಡ್ತೀನೂ ತಬ್ಕೊಂಡಿಲ್ಲ, ಬೇಗ ತಿರುಪು ಹಾಕಿ." ಅವನು ಬೇಗ ಮಾಡುವವನೇ? ಮೇಲಿನದಕ್ಕೆ ಒಂದು, ಕೆಳಗಿನದಕ್ಕೆ ಒಂದು ತಿರುಪು ಹಾಕಿ, ಆಡಿಸಿ ನೋಡಿ, ಇಳಿಸಿ, ಕೀಸುಳಿಯಿಂದ ಕೆಳಅಂಚನ್ನು ಕೂದಲೆಳೆಯಷ್ಟು ಕೀಸಿ, ಮತ್ತೆ ಏರಿಸಿದ. ಮತ್ತೆ ಇಳಿಸಿದ. ಭಾವಮೈದ ಬಸ್ಸಿನ ಡ್ರೈವರುಗಳು ಮಾತ್ರ ಬೈಯಬಲ್ಲ ರೀತಿಯಲ್ಲಿ ಬೈದ. ಉಬ್ಬಿದ ಕಲ್ಲಿನ ಮೇಲೆ ಬಾಗಿಲು ಹಾದುಹೋಗುವಾಗ ನಡುವೆ ಒಂದು ಪೋಸ್ಟ್‌ಕಾರ್ಡ್ ತೂರಬೇಕು, ಎರಡು ತೂರಬಾರದು. ಇದು ಅವನ ಲೆಕ್ಕ. ಇನ್ನೊಬ್ಬನಾಗಿದ್ದರೆ ಅರ್ಧ ಬೆರಳು ಕೀಸಿ ಕೈ ತೊಳೆದುಕೊಳ್ಳುತ್ತಿದ್ದ. ಎಲ್ಲ ತಿರುಪು ಬಿಗಿದು, ಬೆಣೆ ತೆಗೆದು, ಒಂದೇ ಬೆರಳಿನಿಂದ ನೂಕಿದ. ಬಾಗಿಲು ಅಪ್ಪನ ಗೆರೆಯ ಮೇಲೇ, ಅದನ್ನು ಮುಟ್ಟದೆ, ಹೋಯಿತು. ಬಿಟ್ಟಲ್ಲಿ ನಿಂತಿತು. ಮುಚ್ಚಿದಾಗ ಕ್ಲಿಕ್ ಎಂದೂ ಅನ್ನಲಿಲ್ಲ. ಅವನ ಜೀವ ತಣ್ಣಗಾಯಿತು. ಅಪ್ಪಾ, ಇಷ್ಟೇ ತಾನೆ ಬೇಕಿದ್ದದ್ದು ಎಂದುಕೊಂಡ, ಯಾವ ಅಪ್ಪನಿಗೆ ಹೇಳಿದನೋ. ಭಾವಮೈದ ಅಂಗಡಿಗೆ ಹೋಗಿ ಬಂದವನು ಹಳೇ ಅಭ್ಯಾಸದಂತೆ ಹೆಗಲು ಕೊಟ್ಟು ನುಗ್ಗಿದ. ಬಾಗಿಲು ಗಾಳಿಯಂತೆ ಸರಿಯಿತು, ಅವನು ಎರಡು ಹೆಜ್ಜೆ ಓಡಿ ಗೋಡೆಗೆ ಕೈಯೂರಿ ನಿಂತ. "ಥೂ ನಿಮ್ಮ! ಬಾಗಿಲು ಮಾಡಿದ್ದೀರೋ ಬಲೆ ಒಡ್ಡಿದ್ದೀರೋ?" ಇಬ್ಬರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು.

ನಗುತ್ತಲೇ ಅವನು ನಡುಮನೆಗೆ ಹೋದ. "ಅಮ್ಮ, ಬಾಗಿಲು ಕೂತಿತು."

"ಕೂತಿತಾ? ಸದ್ದೇ ಕೇಳ್ಲಿಲ್ವಲ್ಲೋ."

"ಅದೇ ಅಮ್ಮ! ಸದ್ದೇ ಇಲ್ಲ."

ಅಮ್ಮ ಅವನ ಮುಖ ನೋಡಿದಳು, ಆಮೇಲೆ ಗೋಡೆ ನೋಡಿದಳು. "ಹೂಂ. ಕೈ ತೊಳ್ಕೊ, ಊಟ ಆರ್ತಿದೆ" ಅಂದಳು. ಇಷ್ಟೇ. ಊಟಕ್ಕೆ ಕೂತವನು ಕಲಸಿದ ಅನ್ನವನ್ನೇ ಮತ್ತೆ ಮತ್ತೆ ಕಲಸಿದ. ಏನು ಹೆಂಗಸಪ್ಪಾ ಇವಳು, ಬಾಯಿ ಬಿಟ್ಟರೆ ಮುತ್ತು ಉದುರಿ ಹೋಗುತ್ತದೆಯೇ ಎಂದು ಮನಸ್ಸಿನಲ್ಲೇ ಬೈದ, ಬೈದದ್ದಕ್ಕೆ ನಾಚಿದ, ಮತ್ತೊಮ್ಮೆ ಬೈದ.

ಮಧ್ಯಾಹ್ನ ಭಾವಮೈದನನ್ನು ಬಸ್ಸಿಗೆ ಬಿಟ್ಟು, ಮರ ಬಿಗಿದು ಹಿಡಿಯಲು ಸಾಮಿಲ್ಲಿನಿಂದ ತಂದಿದ್ದ ಹಿಡಿಕಟ್ಟುಗಳನ್ನು ವಾಪಸು ಕೊಟ್ಟು ಹಿಂದಿರುಗುವಷ್ಟರಲ್ಲಿ ಸಿಟ್ಟು ಇಳಿದಿತ್ತು. ಬೀದಿಯ ಆ ತುದಿಯಿಂದಲೇ ಬಾಗಿಲು ಕಂಡಿತು. ಎಣ್ಣೆ ಸವರಿದ ಮರಕ್ಕೆ ಓರೆಬಿಸಿಲು ಬಿದ್ದು ಮನೆಗೇ ಹೊಸ ಮುಖ ಬಂದಂತಿತ್ತು. ಅಲ್ಲೇ ನಿಂತು ನೋಡಿದ, ದಾರಿಹೋಕನಂತೆ. ಒಳ್ಳೆಯ ಬಾಗಿಲು, ಯಾರು ಮಾಡಿದ್ದೋ ಎಂದು ಕೇಳಬೇಕೆನಿಸಿತು. ಬೀಗ ಹಾಕಿರಲಿಲ್ಲ. ಬೆರಳಿಂದ ನೂಕಿದ, ಬಾಗಿಲು ಸರಿಯಿತು, ಅದರ ಸುಖಕ್ಕೆ ಇನ್ನೊಮ್ಮೆ ಮುಚ್ಚಿ ಇನ್ನೊಮ್ಮೆ ತೆಗೆದ. ಬರಿಗಾಲಲ್ಲಿ ನಡುಮನೆಗೆ ಬಂದ.

ಅಮ್ಮ ಕಾಲು ಚಾಚಿ ಕೂತಿದ್ದಳು. ಮಡಿಲಲ್ಲಿ ಹೊದಿಕೆ, ಹೊದಿಕೆಯ ಗುಳಿಯಲ್ಲಿ ದುಂಡನೆಯ ತಗಡಿನ ಡಬ್ಬಿ. ಅವಳ ಗುಂಡಿ, ದಾರ, ಸೂಜಿಗಳ ಡಬ್ಬಿ ಎಂದು ಮನೆಯವರೆಲ್ಲ ತಿಳಿದದ್ದು. ಅದರ ತುಂಬ ಬಿಸ್ಕತ್ತು. ಒಂದನ್ನು ಎರಡು ಬೆರಳಲ್ಲಿ ಹಿಡಿದು, ತಣ್ಣಗಾದ ಟೀಯಲ್ಲಿ ಅದ್ದಿ, ಕಳಚಿ ಬೀಳುವ ಮುನ್ನವೇ ಬಾಯಿಗಿಟ್ಟು ಕಣ್ಣು ಮುಚ್ಚಿದಳು. ಅವಳಿಗೆ ಸಕ್ಕರೆ ಕಾಯಿಲೆ. ಅವಳ ಟೀಗೆ ಸಕ್ಕರೆ ಬಿದ್ದು ವರ್ಷಗಳಾಗಿವೆ. ಈ ಮನೆಯಲ್ಲಿ ಎಲ್ಲರಿಗೂ ಅಂಕೆ ಹಾಕುವವಳು ಅಮ್ಮ, ಅಮ್ಮನಿಗೆ ಅಂಕೆ ಹಾಕುವುದು ಆ ಕಾಯಿಲೆಯೊಂದೇ. ಅವನು ನೋಡುತ್ತ ನಿಂತ. ಆ ಮುಖ ಅವನಿಗೆ ಗೊತ್ತಿಲ್ಲದ ಮುಖ. ಯಾರ ಅಮ್ಮನೂ ಅಲ್ಲದ, ಯಾರ ಅತ್ತೆಯೂ ಅಲ್ಲದ ಒಬ್ಬ ಹುಡುಗಿ ಅಲ್ಲಿ ಕೂತು ಬಿಸ್ಕತ್ತು ಸವಿಯುತ್ತಿದ್ದಳು. ಹಿಂದೆ ಸರಿಯಬೇಕಿತ್ತು, ಕೆಮ್ಮಬೇಕಿತ್ತು, ಏನಾದರೂ ಮಾಡಬೇಕಿತ್ತು. ಅಮ್ಮ ಕಣ್ಣು ತೆರೆದಳು.

ಡಬ್ಬಿಯ ಮುಚ್ಚಳ ಮಡಿಲಿನಿಂದ ಜಾರಿ ಉರುಳಿ ಅವನ ಕಾಲಬಳಿ ಬಂದು ಗಿರಿಗಿರಿ ತಿರುಗಿ ಬಿತ್ತು. ಅವಳು ಹೊದಿಕೆ ಎಳೆದುಕೊಂಡಳು, ಡಬ್ಬಿ ಪೂರ್ತಿ ಮರೆಯಾಗಲಿಲ್ಲ. ಗಲ್ಲದ ಮೇಲೆ ಹುಡಿ ಅಂಟಿತ್ತು.

"ಒಂದೇ ತಿಂದಿದ್ದು" ಅಂದಳು. "ಇದೇ ಮೊದಲ್ನೇದು."

ಅವನು ಜೀವಮಾನವಿಡೀ ಆ ಕಣ್ಣುಗಳ ಕೆಳಗೆ ನಿಂತವನು. ಗಿಡ್ಡ ಕಾಲಿನ ಸ್ಟೂಲಿನ ಹಾಗೆ, ಅಂಕ ಕಡಿಮೆ ಬಂದ ಹುಡುಗನ ಹಾಗೆ. ಈಗ ಅವು ಕೆಳಗಿನಿಂದ ಅವನನ್ನು ನೋಡುತ್ತಿದ್ದವು, ಬೈಯುತ್ತಾನೋ ಎಂದು ಕಾಯುತ್ತಿದ್ದವು. ಅವನಿಗೆ ತಾಳಲಾಗಲಿಲ್ಲ. ಮುಚ್ಚಳ ಎತ್ತಿ ಅವಳ ಕೈಗೆ ಕೊಟ್ಟು, "ಕೀಸುಳಿ ಮರೆತಿದ್ದೆ" ಎಂದು ಏನೋ ಹೇಳಿ ಹೊರಗೆ ಬಂದುಬಿಟ್ಟ. ಹೊರಗೆ ಬರುವಾಗಲೂ ಬಾಗಿಲು ಸದ್ದು ಮಾಡಲಿಲ್ಲ.

ಮೆಟ್ಟಿಲ ಮೇಲೆ ಕೂತ. ಹಲಗೆಗೆ ಬಿಟ್ಟಷ್ಟು ಜಾಗವನ್ನೂ ಅಮ್ಮನಿಗೆ ಬಿಡಲಿಲ್ಲವಲ್ಲ ಎನಿಸಿತು. ಚಿಕ್ಕಂದಿನ ಒಂದು ಮಧ್ಯಾಹ್ನ ನೆನಪಿಗೆ ಬಂತು. ಅಜ್ಜಿ ಹೊರಗೆ ಹೋಗಿದ್ದಾಳೆ, ಅಪ್ಪನ ಅಮ್ಮ, ಮಹಾ ಜೋರಿನವಳು. ಅದೇ ನಡುಮನೆ, ಕಿಟಕಿಯ ಬೆಳಕು ಈಗಿನಂತೆಯೇ ಬೀಳುತ್ತಿದೆ, ಅಮ್ಮನ ಮಡಿಲಲ್ಲಿ ಹರಿದ ಅಂಗಿಗಳ ರಾಶಿ, ರಾಶಿಯ ಮೇಲೆ ತೆರೆದಿಟ್ಟ ವಾರಪತ್ರಿಕೆ. ಅಮ್ಮ ಓದುತ್ತ ತುಟಿ ಅಲ್ಲಾಡಿಸುತ್ತಾಳೆ, ಒಮ್ಮೊಮ್ಮೆ ನಗುತ್ತಾಳೆ. ಅವನು ನೆಲದ ಮೇಲೆ ಮರದ ತುಂಡುಗಳನ್ನು ಜೋಡಿಸುತ್ತಿದ್ದಾನೆ. ಗರ್ರ್. ಪತ್ರಿಕೆ ಅಂಗಿಗಳ ಕೆಳಗೆ ಹೋಯಿತು, ಸೂಜಿ ಕೈಗೆ ಬಂತು. ಅಜ್ಜಿ ಒಳಗೆ ಬಂದು ನೋಡುವಾಗ ಸೊಸೆ ಬಗ್ಗಿಸಿದ ತಲೆ ಎತ್ತದೆ ಹೊಲಿಯುತ್ತಿದ್ದಾಳೆ. ಅವನು ಅದನ್ನೊಂದು ಆಟ ಎಂದುಕೊಂಡಿದ್ದ. ಮತ್ತೊಂದು ಸಲ ಅಪ್ಪ ಕೀಸುಳಿ ಹಿಡಿದು ಬಾಗಿಲ ಬಳಿ ಕೂತಿದ್ದ, ಇವತ್ತು ಇದಕ್ಕೊಂದು ಗತಿ ಕಾಣಿಸ್ತೀನಿ ಎಂದು ತೋಳೇರಿಸಿ. ಅಮ್ಮ ನಡುಮನೆಯ ಹೊಸ್ತಿಲಿಗೆ ಬಂದು ನಿಂತಳು. ಅಪ್ಪ ಅವಳನ್ನು ನೋಡಿದ, ಕೀಸುಳಿಯ ಅಲಗಿಗೆ ಹೆಬ್ಬೆರಳು ತಾಗಿಸಿ ನೋಡಿದ, "ಅಲಗು ಮೊಂಡಾಗಿದೆ" ಎಂದು ಎದ್ದುಹೋದ. ಅಪ್ಪನ ಅಲಗು ಎಂದೂ ಮೊಂಡಾಗಿದ್ದಿಲ್ಲ. ಅದು ಆಗ ಹುಡುಗನಿಗೂ ಗೊತ್ತಿತ್ತು.

ಮಗಳು ಕಾಲೇಜಿನಿಂದ ಬಂದಳು, "ಅಪ್ಪಾ, ಸೂಪರ್!" ಎಂದು ಬಾಗಿಲನ್ನು ಸವರಿ, ಒಳಗೆ ಹೋದಳು. ಹೋದ ಮರುಗಳಿಗೆ ನಡುಮನೆಯಿಂದ, "ಯಾರು? ಯಾರದು?" ಎಂದು ಅಮ್ಮನ ದನಿ ಕೇಳಿತು. ಹೆದರಿದ ದನಿ. ಈ ಮನೆಯಲ್ಲಿ ಆ ಮಾತನ್ನು ಅಮ್ಮ ಕೇಳಿದ್ದು ಅವನಿಗೆ ನೆನಪಿಲ್ಲ. "ನಾನೇ ಅಜ್ಜಿ, ಇನ್ಯಾರು!" ಎಂದು ಮಗಳು ನಕ್ಕಳು. ಅಮ್ಮ ಛತ್ರಿ ಕೇಳಲಿಲ್ಲ, ಕಾಲೊರೆಸಿಕೋ ಎನ್ನಲಿಲ್ಲ.

ಕನ್ನಡಕದ ಅಂಗಡಿಯ ಕೆಲಸ ಮುಗಿಸಿ ಹೆಂಡತಿ ಬರುವಾಗ ಬಿಸಿಲು ಇನ್ನೂ ಇತ್ತು. ಎರಡೂ ಕೈಯಲ್ಲಿ ಚೀಲ. ಮೆಟ್ಟಿಲ ಮೇಲೆ ಗಂಡ ತಲೆ ತಗ್ಗಿಸಿ ಕೂತಿದ್ದು ನೋಡಿ, "ಏನಾಯ್ತು? ಬಾಗಿಲು ಕೂರ್ಲಿಲ್ವಾ?" ಅಂದಳು.

"ಬಾಗಿಲು ಕೂತಿತು. ನಾನು ಕೂತಿದ್ದೀನಿ ನೋಡು." ತಗ್ಗಿದ ದನಿಯಲ್ಲಿ ನಡೆದದ್ದನ್ನು ಹೇಳಿದ. ಡಬ್ಬಿಯ ಮಾತು ಬಂದಾಗ ಅವಳು ರೇಗುತ್ತಾಳೆಂದು ಕಾದ. ಅವಳು ಚೀಲ ಕೆಳಗಿಟ್ಟಳು.

"ನೀವು ನೋಡಿದ್ದು ಅವ್ರಿಗೆ ಗೊತ್ತಾಯ್ತಾ?"

"ಗೊತ್ತಾಗದೆ ಏನು, ಎದುರಿಗೇ ನಿಂತಿದ್ದೆ."

"ಅಯ್ಯೋ, ಎಂಥ ಕೆಲ್ಸ ಮಾಡಿದ್ರಿ!"

"ನಿನಗೆ ಮೊದ್ಲೇ ಗೊತ್ತಾ?"

"ಗೊತ್ತಿಲ್ದೆ? ಡಬ್ಬಿ ತನ್ನಷ್ಟಕ್ಕೆ ತಾನೇ ತುಂಬ್ಕೊಳ್ಳುತ್ತಾ? ಎದುರುಮನೆ ಹೊಲಿಗೆಯಮ್ಮ ಕದ್ದು ತಂದ್ಕೊಡ್ತಾಳೆ ಅಂತ ಅವ್ರು ಅಂದ್ಕೊಂಡಿದ್ದಾರೆ. ಅವಳ ಕೈಗೆ ಕೊಡೋದು ನಾನು. ಸಕ್ಕರೆ ಕಮ್ಮಿ ಇರೋದೇ ನೋಡಿ ತರ್ತೀನಿ. ದಿನಕ್ಕೆ ಎರಡು ತಿಂದ್ರೆ ಏನೂ ಆಗಲ್ಲ ಅಂತ ಡಾಕ್ಟ್ರೂ ಹೇಳಿದ್ದಾರೆ."

"ಮತ್ತೆ ಅದನ್ನ ಅಮ್ಮನಿಗೇ ಹೇಳ್ಬಹುದಿತ್ತಲ್ಲ."

ಅವಳು ಅವನನ್ನು ಪೆದ್ದನನ್ನು ನೋಡುವಂತೆ ನೋಡಿದಳು. "ಹೇಳಿದ್ರೆ ರುಚಿ ಹೋಗಲ್ವೇನ್ರೀ? ನಾನು ದಿನಾ ಬಾಗಿಲಲ್ಲಿ ಅಷ್ಟು ಹೊತ್ತು ನಿಂತ್ಕೋತೀನಲ್ಲ, ಚಪ್ಪಲಿ ಬಿಡೋಕೆ ನನಗೇನು ನಾಲ್ಕು ಕಾಲಿದ್ಯಾ?"

ಅವನಿಗೆ ಅಳು ಬಂತೋ ನಗು ಬಂತೋ, ಮೂಗೊರೆಸಿಕೊಂಡು ಎದ್ದ. ಶೆಡ್ಡಿಗೆ ಹೋಗಿ ತಿರುಪುಳಿ ತಂದ, ಬೆಣೆ ತಂದ. ಬಾಗಿಲಿನ ಮುಂದೆ ನಿಂತಾಗ ಕೈ ಮೇಲೇಳಲಿಲ್ಲ. ನೆಲಕ್ಕೆ ತಗುಲುವ ಬಾಗಿಲನ್ನು ನೆಟ್ಟಗೆ ಮಾಡಿ ಅಭ್ಯಾಸ. ನೆಟ್ಟಗಿರುವುದನ್ನು ತಗುಲಿಸುವುದು ಯಾವ ಬಡಗಿಗೂ ಬರುವ ಯೋಚನೆಯಲ್ಲ. ಉಪಾಯ ಮಾತ್ರ ಸುಲಭದ್ದು. ಮೇಲಿನ ಬಿಜಾಗರಿಯ ಹಿಂದೆ ಒಂದಿಷ್ಟು ರಟ್ಟು ಕೊಟ್ಟರೆ ಬಾಗಿಲಿನ ತಲೆ ಮುಂದಕ್ಕೆ ಬರುತ್ತದೆ, ಆಚೆ ತುದಿಯ ಪಾದ ಕೆಳಗಿಳಿಯುತ್ತದೆ. ಹೆಂಡತಿ ಚೀಲದ ತಳ ಕೆದಕಿ ಬಿಸ್ಕತ್ತಿನ ಪೊಟ್ಟಣವೊಂದನ್ನು ತೆಗೆದು, ಅದರ ಮೇಲಿನ ರಟ್ಟನ್ನು ಬಿಡಿಸಿ ಕೊಟ್ಟಳು. ಅವನು ಪಟ್ಟಿ ಕತ್ತರಿಸಿ ಮೇಲಿನದಕ್ಕೆ ಎರಡು ಪದರ, ನಡುವಿನದಕ್ಕೆ ಒಂದು ಪದರ ಕೊಟ್ಟು ತಿರುಪು ಬಿಗಿದ. ನೂಕಿದ. ಬಾಗಿಲು ಕಲ್ಲಿಗೆ ಕಚ್ಚಿ ನಿಂತೇಬಿಟ್ಟಿತು. ಹೆಚ್ಚಾಯಿತು. ಬಿಚ್ಚಿ, ಒಂದು ಪದರವನ್ನು ಉಗುರಿನಿಂದ ಸೀಳಿ ಅರ್ಧ ಮಾಡಿದ.

"ಮಿಲಿಮೀಟರ್ ಸಾಹೇಬ್ರೇ, ಹಾಳು ಮಾಡೋಕೂ ಅಳತೆನಾ?"

"ಹಾಳು ಮಾಡೋಕೇ ಕಣೇ ಜಾಸ್ತಿ ಅಳತೆ ಬೇಕಾಗಿರೋದು. ಸರಿಯಾಗಿ ಹಿಡ್ಕೋ."

ಮೂರನೆಯ ಸಲಕ್ಕೆ ಸರಿಹೋಯಿತು. ಉಬ್ಬಿದ ಕಲ್ಲಿನ ಬಳಿ ಬಂದಾಗ ಮಾತ್ರ ಬಾಗಿಲು ನೆಲ ಮುಟ್ಟಿತು, ಅಪ್ಪನ ಬೆಳ್ಳನೆಯ ಗೆರೆಯ ಮೇಲೆಯೇ. ಗರ್ರ್ ಎಂದಿತು. ಹಳೆಯದರ ಒರಟು ದನಿಯಲ್ಲ, ತುಸು ಎಳೆಯದು, ಆದರೂ ನಡುಮನೆಗೆ ಚೆನ್ನಾಗಿ ಕೇಳುವಂಥದು. ತಾನೇ ಎಣ್ಣೆ ಸವರಿ ನುಣುಪು ಮಾಡಿದ ಅಂಚು ಕಲ್ಲಿಗೆ ಉಜ್ಜಿದಾಗ ಅವನ ಹಲ್ಲು ಜುಮ್ಮೆಂದಿತು.

"ಏನೋ ಅದು ಸದ್ದು?" ಎಂದು ಅಮ್ಮ ಒಳಗಿನಿಂದ ಕೇಳಿದಳು.

ಅವನು ಹೆಂಡತಿಯ ಮುಖ ನೋಡಿದ. ಒಳಗೆ ಕೇಳುವಂತೆ ಹೇಳಿದ: "ಬಾಗಿಲು ಸ್ವಲ್ಪ ನೆಲಕ್ಕೆ ತಗುಲ್ತಾ ಇದೆ ಅಮ್ಮ. ಅಳತೆ ತಪ್ಪಿತು ನಂದು."

ಹೀಗೊಂದು ಮಾತು ತನ್ನ ಬಾಯಿಂದ ಬರುತ್ತದೆಂದು ಅವನು ಕನಸಲ್ಲೂ ಎಣಿಸಿರಲಿಲ್ಲ. ಹೆಂಡತಿ ಅವನ ತೋಳು ಹಿಡಿದುಕೊಂಡಳು. ನಡುಮನೆಯಲ್ಲಿ ಕುರ್ಚಿ ಕಿರುಗುಟ್ಟಿತು, ಊರುಗೋಲಿನ ಸದ್ದು ಬಂತು. ಅಮ್ಮ ಗೋಡೆ ಹಿಡಿದು ಒಂದೊಂದೇ ಹೆಜ್ಜೆ ಹಾಕುತ್ತ ಮುಂಬಾಗಿಲಿಗೆ ಬಂದಳು. ಆ ಮಂಡಿಯಲ್ಲಿ ಅಷ್ಟು ದೂರ ಅವಳು ನಡೆದು ಎಷ್ಟು ಕಾಲವಾಗಿತ್ತೋ. ಹೊಸ ಬಾಗಿಲಿನ ಮೇಲೆ ಅಂಗೈ ಇಟ್ಟು ಹಲಗೆಗಳನ್ನು ಮೇಲಿನಿಂದ ಕೆಳಗೆ ಸವರಿದಳು. ತಾನೇ ಒಮ್ಮೆ ಎಳೆದಳು, ಗರ್ರ್, ಒಮ್ಮೆ ನೂಕಿದಳು, ಗರ್ರ್.

"ನಿಮ್ಮಪ್ಪಂದೂ ಇಲ್ಲೇ ತಗುಲ್ತಿತ್ತು" ಅಂದಳು.

"ಹೌದಮ್ಮ. ನಾಳೆ ಬೇಕಾದ್ರೆ ಕೀಸಿ ಸರಿ ಮಾಡ್ತೀನಿ."

"ಬೇಡ." ಅವಳು ಅವನ ಮುಖವನ್ನು ಬಹಳ ಹೊತ್ತು ನೋಡಿದಳು. ಅವಳಿಗೆ ಎಷ್ಟು ಗೊತ್ತಾಯಿತೋ, ಏನು ಗೊತ್ತಾಯಿತೋ. "ಕೀಸಬೇಡ, ಇರ್ಲಿ ಬಿಡು. ಚೆನ್ನಾಗಿದೆ." ಅಂದು ತಿರುಗಿ, ಸೊಸೆಯ ಹೆಗಲು ಹಿಡಿದು, ಒಳಗೆ ನಡೆದಳು. ಹೋಗುತ್ತ, "ಇವತ್ತೇನು ಬೇಗ?" ಎಂದು ಸೊಸೆಯನ್ನು ಕೇಳುತ್ತಿದ್ದಳು.

ಮರುದಿನ ಅವನು ಕೆಲಸ ಮುಗಿಸಿ ಬಂದಾಗ ಮನೆಯಲ್ಲಿ ಅಮ್ಮನ ಹೊರತು ಯಾರೂ ಇರಲಿಲ್ಲ. ಬೆರಳಿನಿಂದ ನೂಕಲು ಹೋದವನು ತಡೆದು, ಹಿಡಿಯನ್ನು ಹಿಡಿದು ಪೂರ್ತಿ ತಳ್ಳಿದ. ಬಾಗಿಲು ಕೂಗಿತು.

"ಬಂದ್ಯಾ? ಕಾಲೊರೆಸ್ಕೊಂಡು ಬಾ" ಎಂದಳು ಅಮ್ಮ ಒಳಗಿನಿಂದ, ಬಾಯಿ ತುಂಬಿದ ದನಿಯಲ್ಲಿ.

"ಹೂಂ, ಒರೆಸ್ತಾ ಇದ್ದೀನಿ" ಅಂದ. ಎಡಗಾಲಿನ ಚಪ್ಪಲಿ ಬಿಟ್ಟ. ಬಲಗಾಲಿನದು ಬಿಟ್ಟ. ಎರಡನ್ನೂ ಎತ್ತಿ ಗೋಡೆಗೆ ಸರಿಯಾಗಿ ಜೋಡಿಸಿಟ್ಟ, ಜೋಡಿಸಿದ್ದನ್ನು ಮತ್ತೊಮ್ಮೆ ಜೋಡಿಸಿದ. ಕಾಲೊರೆಸುವ ಚಾಪೆಯ ಮೇಲೆ ನಿಂತು, ಒಣಗಿದ ಪಾದಗಳನ್ನು ಒರೆಸುತ್ತಲೇ ಇದ್ದ. ಒಳಗೆ ತಗಡಿನ ಮುಚ್ಚಳ ಟಪ್ ಎಂದು ಕೂತಿತು. ಆಮೇಲೆ ಅವನು ಒಳಗೆ ಹೋದ.